ಮನೆಯಲ್ಲೇ ಕೂತು ಮಿಲಾನ್‌ಗೆ ಹೋಗುವ ಚೀಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಲಂಬೋ ವಿಮಾನ ನಿಲ್ದಾಣದ ಪಕ್ಕದ ಸೀದುವದ ತಗಡಿನ ಶೆಡ್ಡಿನಲ್ಲಿ ಇಮೆಲ್ಡಾ ಕುರೇರ ಒಂದು ಪ್ಲಾಸ್ಟಿಕ್ ಚೀಲವನ್ನು ಕಿವಿಗೆ ಆನಿಸಿಕೊಂಡು ನಿಂತಿದ್ದಾರೆ. ಚೀಲದ ತಳದಲ್ಲಿ ಒಂದಿಷ್ಟು ನೀರು, ಅದರಲ್ಲಿ ನೂರು ಗಪ್ಪಿ ಮೀನು, ಮಿಕ್ಕಿದ್ದೆಲ್ಲ ಆಮ್ಲಜನಕ. ಎಲ್ಲಾದರೂ ಸೂಜಿಮೊನೆಯಷ್ಟು ತೂತಿದ್ದರೂ ಸಣ್ಣಗೆ ಸುಯ್ ಅನ್ನುತ್ತದೆ. ಆ ಸದ್ದು ಹಿಡಿಯಲು ಅವರು ಕಣ್ಣು ಮುಚ್ಚಿದ್ದಾರೆ. ಅಷ್ಟರಲ್ಲಿ ಶೆಡ್ಡಿನ ನೆತ್ತಿಯ ಮೇಲೇ ಒಂದು ವಿಮಾನ ಏರುತ್ತದೆ. ತಗಡು ಗಡಗಡ ಅನ್ನುತ್ತದೆ. ಟೇಬಲ್ ಸುತ್ತ ನಿಂತ ಹೆಂಗಸರೆಲ್ಲ ಒಂದೊಂದು ಚೀಲ ಕಿವಿಗಿಟ್ಟುಕೊಂಡು, ಪಕ್ಕದ ಮನೆ ಜಗಳ ಕೇಳುವವರ ಹಾಗೆ, ಅದು ಹೋಗಲಿ ಅಂತ ಕಾಯುತ್ತಾರೆ.

"ಏನಂತಕ್ಕಾ ಮೀನು? ಮದುವೆಗೆ ಕರೀತಿದೆಯಾ?" ಅಂತ ಆಮ್ಲಜನಕದ ಪೈಪು ಹಿಡಿದ ದಿಲ್ಹಾನಿ ಕೆಣಕುತ್ತಾಳೆ.

"ಈ ಪೈಪನ್ನ ನಿನ್ನ ಬಾಯಿಗಿಟ್ರೆ ನೀನೂ ಇಟಲಿಗೆ ಹಾರ್ಬಹುದು. ಸುಮ್ನೆ ಗಾಳಿ ಹಿಡಿ."

ದಿನಾ ಆಗಿದ್ದರೆ ಈ ಮಾತಿಗೆ ಶೆಡ್ಡೆಲ್ಲ ನಗುತ್ತಿತ್ತು. ಇವತ್ತು ಯಾರೂ ನಗುವುದಿಲ್ಲ. ಬಾಗಿಲಲ್ಲಿ ಜೆರಾಡ್ ಕೈಕಟ್ಟಿ ನಿಂತಿದ್ದಾರೆ. ಮುದಲಾಳಿಯ, ಅಂದರೆ ಧಣಿಯ, ಅಳಿಯ ಇವರು. ಮುದಲಾಳಿಗೆ ವಯಸ್ಸಾದ ಮೇಲೆ ಕಂಪನಿಯ ಯಜಮಾನಿಕೆ ಇವರದೇ. ಮಿಲಾನ್‌ಗೆ ಹೋಗುವ ಚೀಲಗಳನ್ನೆಲ್ಲ ಕಟ್ಟಿ ಮುಗಿಸಿದ ಮೇಲೆ ಜೆರಾಡ್ ಒಳಗೆ ಬಂದು, ರಾಶಿಯ ನಡುವೆ ಕೈಹಾಕಿ, ತಮಗೆ ಸಿಕ್ಕಿದ ಒಂದು ಚೀಲ ಎತ್ತುತ್ತಾರೆ. "ಇದೇ ಮನೆಚೀಲ" ಅನ್ನುತ್ತಾರೆ. ಇಮೆಲ್ಡಾ ಜೆರಾಡ್ ಮುಖ ನೋಡುವುದಿಲ್ಲ. ತಮ್ಮ ಕೈ ನೋಡಿಕೊಳ್ಳುತ್ತಾರೆ.

ಮನೆಚೀಲ ಅಂದರೆ ಈ ಶೆಡ್ಡಿನ ಹಳೇ ಪದ್ಧತಿ. ಯಾವ ಊರಿಗೆ ಮೀನು ಹೋದರೂ ಅದೇ ನೀರು, ಅದೇ ಗಾಳಿ, ಅಷ್ಟೇ ಮೀನು ತುಂಬಿದ ಒಂದು ಚೀಲ ಇಲ್ಲೇ ಉಳಿಯುತ್ತದೆ. ಅದನ್ನೂ ಅಂಥದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳಕ್ಕೆ ಅಂಟು ಹಚ್ಚಿ, ಮೂಲೆಯಲ್ಲಿ ಇಡುತ್ತಾರೆ. ಆ ಊರಿನವರು ಅವರ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಇಲ್ಲಿ ಇದನ್ನು ಬಿಚ್ಚಬೇಕು. ಅಲ್ಲಿ ಸತ್ತು ಇಲ್ಲಿ ಬದುಕಿದ್ದರೆ ಕಟ್ಟಿದ್ದರಲ್ಲಿ ದೋಷ, ಇಲ್ಲವೇ ದಾರಿಯಲ್ಲಿ ಯಾರೋ ಎತ್ತಿ ಬಿಸಾಡಿದ್ದಾರೆ. ಎರಡೂ ಕಡೆ ಸತ್ತರೆ ದಾರಿಯೇ ಉದ್ದವಾಯಿತು. ಇಮೆಲ್ಡಾ ಹತ್ತೊಂಬತ್ತು ವರ್ಷದಿಂದ ಕಟ್ಟುತ್ತಿರುವ ಟೇಬಲ್ ಇದು. ನಾಳೆ ಮನೆಚೀಲದ ಮೀನು ಬದುಕಿ, ಮಿಲಾನ್‌ನಲ್ಲಿ ಸತ್ತಿದ್ದರೆ, ಸೋಮವಾರದಿಂದ ಅವರು ಈ ಟೇಬಲ್ಲಿಗೆ ಬರುವಂತಿಲ್ಲ. ಹಿಂದಿನ ಸಾಲಿನಲ್ಲಿ ಪಾಚಿ ಕಟ್ಟಿದ ತೊಟ್ಟಿ ತಿಕ್ಕಬೇಕು.

ಹದಿನಾಲ್ಕನೇ ವಯಸ್ಸಿಗೆ ಇಮೆಲ್ಡಾ ನಿಗೊಂಬೋ ಕಡಲದಂಡೆಯಲ್ಲಿ ಮೀನು ಒಣಗಿಸಲು ನಿಂತವರು. ಉಪ್ಪುನೀರಲ್ಲಿ ಮುಳುಗಿಸು, ಚಾಪೆ ಮೇಲೆ ಹರವು, ಮಗುಚು, ಕಾಗೆ ಓಡಿಸು. ಮದುವೆಯಾದ ಮೇಲೆ ಇಲ್ಲಿಗೆ ಬಂದರು. ಗಂಡ ಬೇಸಿಲ್ ಹಿನ್ನೀರಿನಲ್ಲಿ ಸಿಗಡಿ ಹಿಡಿಯುತ್ತಾರೆ. "ಅವರು ಹಿಡಿದಿದ್ದು ಸತ್ರೆ ದುಡ್ಡು, ನಾನು ಹಿಡಿದಿದ್ದು ಬದುಕಿದ್ರೆ ದುಡ್ಡು. ಒಂದೇ ಮನೇಲಿ ಎರಡು ದೇವ್ರಿಗೆ ಬೇಡ್ಕೋಬೇಕು" ಅಂತ ನಗುತ್ತಾರೆ. ದಿನಕ್ಕೆ ಮುನ್ನೂರು ಚೀಲದವರೆಗೆ ಕಟ್ಟುತ್ತಾರೆ. ಚೀಲದ ಬಾಯಿ ಹಿಂಡಬೇಕು, ತಿರುಚಬೇಕು, ಮಡಚಬೇಕು, ಮೇಲೆ ಎರಡು ರಬ್ಬರ್ ಬ್ಯಾಂಡು ಬಿಗಿಯಬೇಕು. ಬಲಗೈ ತೋರುಬೆರಳಿನಲ್ಲಿ ರಬ್ಬರ್ ಕೊರೆದ ಗೀರು ಮೂಳೆಗೇ ಇಳಿದಂತೆ ಕಾಣುತ್ತದೆ. ಕಾಲ ಬೆರಳ ಸಂದಿ ವರ್ಷವಿಡೀ ಒದ್ದೆ, ವರ್ಷವಿಡೀ ಹುಣ್ಣು.

ಊರೂರಿನ ದಂತವೈದ್ಯರ ಕೋಣೆಯಲ್ಲಿ, ಹೋಟೆಲಿನ ಗಲ್ಲಾದ ಪಕ್ಕದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಈ ಮೀನು ಬಾಲ ಅಲ್ಲಾಡಿಸುತ್ತಿರುತ್ತದೆ. ನೋಡುವವರು ಅದು ಅಲ್ಲೇ, ಆ ಗಾಜಿನಲ್ಲೇ ಹುಟ್ಟಿತು ಅಂದುಕೊಂಡಿದ್ದಾರೆ. ಇಲ್ಲ ಸ್ವಾಮಿ. ಅದನ್ನು ಎರಡು ದಿನ ಉಪವಾಸ ಹಾಕಿ, ನೀರು ಕೆಡದ ಹಾಗೆ ನೋಡಿಕೊಂಡು, ಒಂದು ಚೂರು ಕಾಡುಬಾದಾಮಿ ಎಲೆ ಜೊತೆಗಿಟ್ಟು, ಕಾಲಿಗೆ ಹುಣ್ಣು ಮಾಡಿಕೊಂಡ ಹೆಂಗಸೊಬ್ಬಳು ಕಟ್ಟಿ ಕಳಿಸಿದ್ದಾಳೆ. ಅವಳ ಹೆಸರು ಪೆಟ್ಟಿಗೆಯ ಮೇಲೆ ಎಲ್ಲೂ ಇರುವುದಿಲ್ಲ. ಮೀನು ಸತ್ತ ದಿನ ಮಾತ್ರ ಎಲ್ಲರಿಗೂ ಅವಳ ಹೆಸರು ನೆನಪಾಗುತ್ತದೆ.

ಇಡೀ ಕೆಲಸ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಮೀನು ಎಷ್ಟು ಹೊತ್ತು ಚೀಲದೊಳಗಿರುತ್ತದೆ? ಅದಕ್ಕೆ ತಕ್ಕ ಹಾಗೆ ಗಾಳಿ ಎಷ್ಟು, ನೀರು ಎಷ್ಟು, ಮೀನು ಎಷ್ಟು ಅನ್ನುವುದು. ಜೆರಾಡ್ ಅವರ ಫೋನಿನಲ್ಲಿ ಎರಡು ವಿಮಾನ ನಿಲ್ದಾಣದ ಹೆಸರು ಒತ್ತಿದರೆ ಭೂಪಟದ ಮೇಲೆ ಒಂದು ಬಾಗಿದ ಗೆರೆ ಬರುತ್ತದೆ. ಕೊಲಂಬೋದಿಂದ ಮಿಲಾನ್‌ಗೆ ಎಂಟು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಹಾರಾಟ ಹತ್ತು ಗಂಟೆ. ಗೆರೆ ಚೆಂದಾಗಿದೆ. ಆದರೆ ಆ ಗೆರೆಯ ಮೇಲೆ ಯಾವ ಮೀನೂ ಹೋಗುವುದಿಲ್ಲ. ಮೀನು ಮೊದಲು ವ್ಯಾನಿನಲ್ಲಿ ಹೋಗುತ್ತದೆ. ಸರಕಿನ ಗೋದಾಮಿನಲ್ಲಿ ಕೂರುತ್ತದೆ. ಹಾರುತ್ತದೆ, ನಡುದಾರಿಯ ಊರಲ್ಲಿ ಇಳಿಯುತ್ತದೆ, ಇನ್ನೊಂದು ವಿಮಾನಕ್ಕೆ ಕಾಯುತ್ತದೆ, ಮತ್ತೆ ಹಾರುತ್ತದೆ. ಮಿಲಾನ್ ತಲುಪಿದರೆ ಅಲ್ಲಿ ಪಶುವೈದ್ಯರು ಮನೆಗೆ ಹೋಗಿಯಾಗಿರುತ್ತದೆ. ಅವರು ಮರುದಿನ ಬೆಳಿಗ್ಗೆ ಬಂದು ಮುದ್ರೆ ಒತ್ತುವವರೆಗೆ ಪೆಟ್ಟಿಗೆ ಬಿಚ್ಚುವ ಹಾಗಿಲ್ಲ. ಹತ್ತು ಗಂಟೆಯ ದಾರಿ ಒಂದು ಹಗಲು, ಒಂದು ರಾತ್ರಿ ದಾಟಿ ಮತ್ತೊಂದು ಹಗಲಿಗೆ ಕಾಲಿಟ್ಟಿರುತ್ತದೆ.

ಹೋಗಲಿ, ಟಿಕೆಟ್ಟಾದರೂ ನಿಜ ಹೇಳುತ್ತದೆಯೇ ಅಂದರೆ ಅದೂ ಇಲ್ಲ. "ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಹನ್ನೆರಡೂವರೆಗೆ ನಡುದಾರಿ ಊರಲ್ಲಿ ಇಳೀತದೆ ಅಂತ ಕಾಗದದಲ್ಲಿದೆ. ನಾನು ಎರಡೂವರೆ ಗಂಟೆ ಅನ್ಕೊಂಡೆ. ದಿಲ್ಹಾನಿ ಐದು ಅಂದ್ಳು. ಜೆರಾಡ್ ಮಹತ್ತಯ ನಾಲ್ಕು ಅಂದ್ರು. ಮೂರು ಜನ ಓದಿದ್ದೂ ಒಂದೇ ಕಾಗದ" ಅನ್ನುತ್ತಾರೆ ಇಮೆಲ್ಡಾ; ಸಾಹೇಬರಿಗೆ ಇಲ್ಲಿ ಮಹತ್ತಯ ಅನ್ನುತ್ತಾರೆ. ಬಿಡುವಾಗ ಬರೆಯುವುದು ಈ ಊರಿನ ಗಡಿಯಾರ, ಇಳಿಯುವಾಗ ಬರೆಯುವುದು ಆ ಊರಿನ ಗಡಿಯಾರ. ಪಡುವಣಕ್ಕೆ ಹೋದರೆ ದಾರಿ ಕುಗ್ಗಿದ ಹಾಗೆ ಕಾಣುತ್ತದೆ, ಮೂಡಣಕ್ಕೆ ಹೋದರೆ ಹಿಗ್ಗಿದ ಹಾಗೆ. ಸಾಲದ್ದಕ್ಕೆ, ಅಷ್ಟೇ ದೂರವನ್ನು ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಹಾರುತ್ತದಂತೆ. ಮೇಲೆ ಗಾಳಿ ಬೀಸುವ ದಿಕ್ಕು ಕಾರಣವಂತೆ. ಕಾಗದ ಬರೆದವರಿಗೆ ಇದೆಲ್ಲ ಗೊತ್ತಿರಬಹುದು. ಚೀಲ ಕಟ್ಟುವವರಿಗೆ ಹೇಳಬೇಕು ಅಂತ ಯಾರಿಗೂ ಅನ್ನಿಸಿಲ್ಲ.

ಮೂರು ವಾರದ ಹಿಂದೆ ಮಿಲಾನ್‌ಗೆ ಮೊದಲ ಸಲ ಮೀನು ಹೋಯಿತು. ಅದಕ್ಕೂ ಮುಂಚೆ ಈ ಶೆಡ್ಡಿನಿಂದ ಹೋಗುತ್ತಿದ್ದದ್ದು ಮಾಲೆ ದ್ವೀಪಕ್ಕೆ, ಚೆನ್ನೈಗೆ, ಸಿಂಗಪುರಕ್ಕೆ. ಮಿಲಾನ್‌ನಲ್ಲಿ ಪೆಟ್ಟಿಗೆ ಬಿಚ್ಚುವವನೂ ನಮ್ಮವನೇ, ಮಾರವಿಲದ ಆಂಟನ್. "ನಾಳೆ ಬೆಳಿಗ್ಗೆ ಎಂಟಕ್ಕೆ ಬಿಚ್ತೀವಿ" ಅಂತ ಅವನು ಜೆರಾಡ್‌ಗೆ ತಿಳಿಸಿದ್ದ. ಮರುದಿನ ಸರಿಯಾಗಿ ಎಂಟಕ್ಕೆ ಇಮೆಲ್ಡಾ ಶೆಡ್ಡಿನ ಗೋಡೆ ಗಡಿಯಾರ ನೋಡಿ ಮನೆಚೀಲ ಕತ್ತರಿಸಿದರು. ಮೀನೆಲ್ಲ ಜೀವಂತ. ಎರಡು ಮೂರು ಮಾತ್ರ ಮಂಕಾಗಿದ್ದವು. ಖುಷಿಯಿಂದ ಚಹಾ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಆಂಟನ್ ಕಳಿಸಿದ ಫೋಟೋ ಬಂತು. ಒಂದೊಂದು ಚೀಲದಲ್ಲೂ ಮೂರರಲ್ಲೊಂದು ಪಾಲು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಜೆರಾಡ್ ಆ ಫೋಟೋ ಹಿಡಿದುಕೊಂಡು ಟೇಬಲ್ಲಿಗೆ ಬಂದರು. "ಅಲ್ಲೂ ಎಂಟು, ಇಲ್ಲೂ ಎಂಟು. ಇಲ್ಲಿ ಕುಣೀತಿವೆ, ಅಲ್ಲಿ ತೇಲ್ತಿವೆ. ನಂಗೊಂದು ಅರ್ಥ ಆಯ್ತು ಇಮೆಲ್ಡಾ. ಮನೆಚೀಲ ನಿಮಗೆ ಮಗಳು, ಕಳಿಸೋ ಚೀಲ ಸೊಸೆ. ಮಗಳಿಗೆ ಬಿಗಿಯಾಗಿ ಕಟ್ತೀರಿ, ಸೊಸೆಗೆ ಹೇಗೋ ಒಂದು."

ಇಷ್ಟು ವರ್ಷದಲ್ಲಿ ಅವರ ಕಟ್ಟಿನ ಕಡೆ ಯಾರೂ ಬೆರಳು ತೋರಿಸಿರಲಿಲ್ಲ. ಇಮೆಲ್ಡಾ ಆಂಟನ್ ಹೇಳಿದ ಹೊತ್ತನ್ನೂ ತಾವು ಕತ್ತರಿಸಿದ ಹೊತ್ತನ್ನೂ ಮನಸ್ಸಿನಲ್ಲೇ ಪಕ್ಕಪಕ್ಕ ಇಟ್ಟು ನೋಡಿದರು. ಎಂಟಕ್ಕೆ ಎಂಟು ಸರಿಯಾಗಿಯೇ ಇದೆಯಲ್ಲ! "ರಾತ್ರಿ ಮಲಗಿದ್ರೂ ಬೆರಳು ತಾನಾಗೇ ಸುತ್ತೋದು. ನಾನು ನಿಜವಾಗ್ಲೂ ಸಡಿಲ ಕಟ್ಟಿದ್ನಾ? ಸುಸ್ತಾದಾಗ ಗೊತ್ತಿಲ್ಲದೇ ಹಾಗೆ ಮಾಡ್ತೀನಾ? ಮೊಮ್ಮಗಳಿಗೆ ಜಡೆ ಹಾಕ್ವಾಗಲೂ ಎರಡು ಸಲ ಎಳೆದು ನೋಡ್ತಿದ್ದೆ. ನನ್ನ ಕೈನೇ ನನಗೆ ಬೇರೆಯವರ ಕೈ ಥರ ಆಗೋಯ್ತು" ಅನ್ನುವಾಗ ಅವರ ದನಿ ಕೆಳಗಿಳಿಯುತ್ತದೆ.

ಆ ವಾರದ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು, ಅಡುಗೆಮನೆಯಲ್ಲಿ ಮಧ್ಯಾಹ್ನಕ್ಕೆ ತೆಂಗಿನಕಾಯಿ ತುರಿಯುತ್ತಿದ್ದಾಗ ತಂಗಿ ಪ್ರಿಸಿಲ್ಲಾಳ ಫೋನು. ಪ್ರಿಸಿಲ್ಲಾ ಮಿಲಾನ್‌ನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಈ ದಂಡೆಯಲ್ಲಿ ಇಟಲಿಗೆ ಹೆಣ್ಣೋ ಗಂಡೋ ಕಳಿಸದ ಮನೆಯೇ ಅಪರೂಪ. ಬಾಯಿತುಂಬ ಬ್ರೆಡ್ ಇಟ್ಟುಕೊಂಡೇ ಪ್ರಿಸಿಲ್ಲಾ ಮಾತಾಡುತ್ತಿದ್ದಳು.

"ಎಂಟಾಯ್ತಕ್ಕಾ, ಅಜ್ಜಿ ಈಗ ಏಳ್ತಾಳೆ, ಅಷ್ಟರಲ್ಲಿ ನಾನು ತಿಂದ್ಕೋಬೇಕು."

ತುರಿಯುವ ಕೈ ನಿಂತಿತು. ಇಮೆಲ್ಡಾ ಗೋಡೆ ನೋಡಿದರು. ಹನ್ನೊಂದೂವರೆ. ಒಂಬತ್ತು ವರ್ಷದಿಂದ ತಂಗಿಯ ಜೊತೆ ಹೀಗೆಯೇ ಮಾತಾಡಿದ್ದಾರೆ. ಇಲ್ಲಿ ಅನ್ನಕ್ಕೆ ನೀರಿಡುವ ಹೊತ್ತಿಗೆ ಅಲ್ಲಿ ಬೆಳಗಿನ ಬ್ರೆಡ್ಡು ಅನ್ನುವುದು ಅವರಿಗೆ ಉಸಿರಾಟದಷ್ಟು ಗೊತ್ತು. ಆದರೆ ಆ ಗೊತ್ತಿದ್ದದ್ದು ಅಡುಗೆಮನೆಯಲ್ಲೇ ಉಳಿದುಬಿಟ್ಟಿತ್ತು; ಶೆಡ್ಡಿನ ಟೇಬಲ್ಲಿನವರೆಗೆ ಒಂದು ದಿನವೂ ಬಂದಿರಲಿಲ್ಲ.

"ಅಯ್ಯೋ ಪ್ರಿಸಿಲ್ಲಾ, ನಾನು ಮೊದ್ಲೇ ಕತ್ತರಿಸಿಬಿಟ್ಟೆ ಕಣೇ!"

"ಏನನ್ನ? ಬೆರಳನ್ನಾ? ಅಕ್ಕಾ, ಅಕ್ಕಾ?"

ಅಕ್ಕ ಫೋನು ಕೆಳಗಿಟ್ಟು ಹೊರಗೆ ಓಡಿಯಾಗಿತ್ತು. ಓಡಿ ಎಲ್ಲಿಗೆ ಹೋಗುವುದು? ಭಾನುವಾರ, ಶೆಡ್ಡಿಗೆ ಬೀಗ. ಬೀದಿಯ ಕೊನೆಯವರೆಗೆ ಹೋಗಿ, ಬೀಗ ನೋಡಿ, ವಾಪಸ್ಸು ಬಂದು ತೆಂಗಿನಕಾಯಿ ತುರಿದರು.

ಸೋಮವಾರ ಟೇಬಲ್ ಸುತ್ತ ನಡೆದ ಚರ್ಚೆಯನ್ನು ದಿಲ್ಹಾನಿ ಇವತ್ತಿಗೂ ನಾಟಕದ ಹಾಗೆ ಆಡಿ ತೋರಿಸುತ್ತಾಳೆ.

"ಅಲ್ಲಿ ಎಂಟು ಅಂದ್ರೆ ಇಲ್ಲಿ ಹನ್ನೊಂದೂವರೆ ಮಹತ್ತಯ. ಅವ್ರು ಬಿಚ್ಚೋಕೆ ಇನ್ನೂ ಎಷ್ಟೋ ಹೊತ್ತಿರೋವಾಗ್ಲೇ ನಾನು ಬಿಚ್ಚಿಬಿಟ್ಟಿದ್ದೀನಿ."

"ಅಲ್ಲಿ ನಮಗಿಂತ ಹಿಂದೆ ಅಲ್ವಾ? ಹಿಂದೆ ಅಂದ್ರೆ ಕಳೀಬೇಕು. ಎಂಟರಲ್ಲಿ ಮೂರೂವರೆ ಕಳೆದ್ರೆ ಬೆಳಗಿನ ಜಾವ ನಾಲ್ಕೂವರೆ. ಅಂದ್ರೆ ಅವ್ರು ನಿಮಗಿಂತ ಮೊದ್ಲೇ ಬಿಚ್ಚಿದ್ರು. ಆಗ್ಲೇ ಸತ್ತಿದ್ವು. ನಿಮ್ಮ ತಪ್ಪು ಇನ್ನೂ ದೊಡ್ಡದಾಯ್ತು!" ಅಂದರು ಜೆರಾಡ್.

"ಮೂರೂವರೆ ಅಲ್ಲ, ನಾಲ್ಕೂವರೆ" ಅಂತ ದಿಲ್ಹಾನಿ ಮಧ್ಯೆ ಬಾಯಿ ಹಾಕಿದಳು. "ಕ್ರಿಸ್‌ಮಸ್‌ಗೆ ಚಿಕ್ಕಪ್ಪ ಫೋನ್ ಮಾಡ್ದಾಗ ನಾಲ್ಕೂವರೆನೇ ಇತ್ತು."

"ಅದು ಚಳಿಗಾಲ. ಅವ್ರು ವರ್ಷಕ್ಕೆ ಎರಡು ಸಲ ಗಡಿಯಾರ ತಿರುಗಿಸ್ತಾರೆ. ಬಿಸಿಲು ಉಳಿಸೋಕೆ" ಅಂದರು ಜೆರಾಡ್.

"ಬಿಸಿಲು ಉಳಿಸಿ ಏನ್ ಮಾಡ್ತಾರೆ? ಮೀನು ಒಣಗಿಸ್ತಾರಾ?"

ಜೆರಾಡ್ ಕೂಡಿದರು, ಕಳೆದರು, ಫೋನಿನಲ್ಲಿ ನೋಡಿದರು, ಗೆರೆ ಎಳೆದರು. ಕೂಡಿದರೆ ಇಮೆಲ್ಡಾ ಸರಿ, ಕಳೆದರೆ ತಾವು ಸರಿ. ಯಾವುದು ಯಾಕೆ ಅಂತ ಬಾಯಿಬಿಟ್ಟು ಹೇಳಲು ಹೋದಾಗಲೆಲ್ಲ ಅವರಿಗೂ ನಾಲಿಗೆ ತಡವರಿಸಿತು. ಸಿಂಗಪುರದ ಲೆಕ್ಕ ತೆಗೆದಾಗ ಇನ್ನೂ ಗೋಜಲಾಯಿತು: ಅಲ್ಲಿ ನಮಗಿಂತ ಮುಂಚೆಯೇ ಎಂಟು ಹೊಡೆಯುತ್ತದೆ. ಹಾಗಾದರೆ ಇಷ್ಟು ವರ್ಷ ಮನೆಚೀಲವೇ ಹೆಚ್ಚು ಹೊತ್ತು ಕಟ್ಟಿನಲ್ಲಿ ಕೂತಿತ್ತು. ಇಲ್ಲಿ ಬದುಕಿದ್ದರೆ ಅಲ್ಲಿ ಬದುಕಿಯೇ ಇರುತ್ತಿತ್ತು. ಅದಕ್ಕೇ ಪದ್ಧತಿಯಲ್ಲಿ ತಪ್ಪಿದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಇಷ್ಟಾದ ಮೇಲೂ, ಕಟ್ಟು ಸಡಿಲವಿತ್ತೋ ಇಲ್ಲವೋ ಅನ್ನುವುದು ಇತ್ಯರ್ಥವಾಗಲಿಲ್ಲ.

ಕೊನೆಗೆ ಇಮೆಲ್ಡಾ ಅಂದರು: "ಎರಡು ಗಡಿಯಾರಾನೂ ಬಿಟ್ಬಿಡಿ. ಆಂಟನ್ ಕತ್ತರಿ ಹಿಡಿದಾಗ ಫೋನ್ ಮಾಡ್ಲಿ. ಅವನು ಅಲ್ಲಿ ಕತ್ತರಿಸ್ಲಿ, ನಾನು ಇಲ್ಲಿ ಕತ್ತರಿಸ್ತೀನಿ."

ಜೆರಾಡ್ ಒಪ್ಪಿದರು. ಮನೆಚೀಲವನ್ನು ರಾಶಿಯಿಂದ ತಾವೇ ಆರಿಸುವುದು ಅಂತ ಶರತ್ತು. ಈ ಸಲ ಚೀಲಕ್ಕೆ ಇಪ್ಪತ್ತು ಮೀನು ಕಡಿಮೆ ಹಾಕೋಣ, ದಾರಿ ಉದ್ದ ಅಂತ ಇಮೆಲ್ಡಾ ಬೇಡಿಕೊಂಡರೂ ಕೇಳಲಿಲ್ಲ. "ಲೆಕ್ಕ ಬದಲಾಯಿಸಿದ್ರೆ ತಪ್ಪು ಯಾರದ್ದು ಅಂತ ಹೇಗೆ ಗೊತ್ತಾಗೋದು?" ಮಾತಿನಲ್ಲಿ ನ್ಯಾಯ ಇದೆ ಅಂತ ಹೇಳಬಹುದು. ಒಬ್ಬ ಹೆಂಗಸಿನ ಮೇಲಿನ ಅನುಮಾನ ತೀರಿಸಿಕೊಳ್ಳಲು ಪೆಟ್ಟಿಗೆಗಟ್ಟಲೆ ಮೀನನ್ನು ಉಸಿರುಗಟ್ಟಿಸಿ ಎಂಟು ಸಾವಿರ ಕಿಲೋಮೀಟರ್ ಕಳಿಸುವ ನ್ಯಾಯ.

ಹಾಗೆ ಕಳಿಸಿದ್ದೇ ಈ ಬೆಳಗಿನ ಚೀಲಗಳು. ವ್ಯಾನು ಹೋದ ಮೇಲೆ ದಿಲ್ಹಾನಿ ಮೆಲ್ಲಗೆ ಕೇಳುತ್ತಾಳೆ, "ಅಕ್ಕಾ, ಸಂತ ಸೆಬಾಸ್ತಿಯನ್‌ಗೆ ಮೇಣದಬತ್ತಿ ಹಚ್ತೀನಿ ಅಂತ ಹೇಳ್ಕೊಂಡೆ. ಆದ್ರೆ ಏನಂತ ಬೇಡ್ಕೋಬೇಕು? ಮನೆಚೀಲದ್ದು ಬದುಕ್ಲಿ ಅಂತಲೋ, ಸಾಯ್ಲಿ ಅಂತಲೋ?"

ಇಮೆಲ್ಡಾ ಟೇಬಲ್ ಮೇಲಿನ ನೀರು ಒರೆಸುತ್ತಾರೆ. "ಸುಮ್ನೆ ಹಚ್ಚು" ಅನ್ನುತ್ತಾರೆ.

ಮರುದಿನ ಬೆಳಿಗ್ಗೆ ಮನೆಚೀಲದ ಪೆಟ್ಟಿಗೆ ಮೂಲೆಯಲ್ಲಿ ಹಾಗೇ ಇದೆ. ಗೋಡೆ ಗಡಿಯಾರ ಎಂಟು ತೋರಿಸುತ್ತದೆ. ಹಳೇ ಅಭ್ಯಾಸಕ್ಕೆ ಇಮೆಲ್ಡಾರ ಕೈ ಕತ್ತರಿಯ ಕಡೆ ಹೋಗುತ್ತದೆ, ವಾಪಸ್ಸು ಬರುತ್ತದೆ. ಈಗ ಬಿಚ್ಚಿದರೆ ಒಳಗಿನವು ಬಹುಶಃ ಪೂರ್ತಿ ಬದುಕಿರುತ್ತವೆ. ಒಂಬತ್ತಾಗುತ್ತದೆ, ಹತ್ತಾಗುತ್ತದೆ. ಥರ್ಮೋಕೋಲಿನ ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಮೀನು ಸಾಯುವುದು ಯಾವಾಗಲೂ ಕೊನೆಕೊನೆಯ ಹೊತ್ತಿನಲ್ಲೇ. ಅಲ್ಲಿಯವರೆಗೆ ತಡೆದುಕೊಂಡು, ಆಮೇಲೆ ಒಂದರ ಹಿಂದೊಂದು. ಯಾರೋ ತಂದಿಟ್ಟ ಮೀನಿನ ಬನ್ನು ಟೇಬಲ್ ಮೇಲೆ ಹಾಗೇ ಒಣಗುತ್ತದೆ. ಇಮೆಲ್ಡಾ ಒಮ್ಮೆ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ, ಮಗುವಿಗೆ ಜ್ವರ ಇದೆಯಾ ನೋಡುವ ಹಾಗೆ.

ಫೋನು ಬಂದಾಗ ಹನ್ನೊಂದೂವರೆ ದಾಟಿದೆ. ಜೆರಾಡ್ ಅದನ್ನು ಎತ್ತಿ ಹಿಡಿಯುತ್ತಾರೆ. ಪರದೆಯ ಮೇಲೆ ಟೊಪ್ಪಿ ಹಾಕಿಕೊಂಡ ಆಂಟನ್, ಕೈಯಲ್ಲಿ ಚೀಲ.

"ಅಕ್ಕೋ, ರೆಡೀನಾ? ನನ್ನ ಯಜಮಾನ ಪಕ್ಕದಲ್ಲೇ ನಿಂತಿದ್ದಾನೆ. ಯಾಕೆ ಹೀಗೆ ಅಂತ ಕೇಳ್ತಿದ್ದಾನೆ. ಏನಂತ ಹೇಳ್ಲಿ?"

"ನಮ್ಮೂರಲ್ಲಿ ರಿಬ್ಬನ್ ಕತ್ತರಿಸೋದು ಹೀಗೇ ಅಂತ ಹೇಳು. ಒಂದು, ಎರಡು, ಮೂರು."

ಎರಡು ಕತ್ತರಿ ಒಟ್ಟಿಗೆ ಇಳಿಯುತ್ತವೆ. ಇಮೆಲ್ಡಾ ಚೀಲವನ್ನು ಬಿಳಿ ಟಬ್ಬಿಗೆ ಸುರಿಯುತ್ತಾರೆ. ಮೊದಲು ಬಣ್ಣವಷ್ಟೇ ಕಾಣುತ್ತದೆ. ಆಮೇಲೆ ಬಣ್ಣ ಎರಡಾಗುತ್ತದೆ. ಕೆಳಗೆ ಈಜುವುದು, ಮೇಲೆ ತೇಲುವುದು. ಜೆರಾಡ್ ಬಗ್ಗಿ ತಾವೇ ಎಣಿಸುತ್ತಾರೆ. ಮೂವತ್ತರ ಹತ್ತಿರ ಸತ್ತಿವೆ. "ಅಲ್ಲೆಷ್ಟು?" ಅಂತ ಫೋನಿಗೆ ಕೇಳುತ್ತಾರೆ. ಆಂಟನ್ ಎಣಿಸಿ ಹೇಳುವುದೂ ಮೂವತ್ತರ ಹತ್ತಿರವೇ. ಇನ್ನೊಂದು ಚೀಲ ಬಿಚ್ಚಲು ಹೇಳುತ್ತಾರೆ. ಅದರಲ್ಲೂ ಹಾಗೆಯೇ.

ಮಗಳೂ ಇಲ್ಲ, ಸೊಸೆಯೂ ಇಲ್ಲ. ಕಟ್ಟು ಎಲ್ಲಕ್ಕೂ ಒಂದೇ. ದಾರಿಯೇ ಉದ್ದ.

ಇಮೆಲ್ಡಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ, ಮತ್ತೆ ಒರೆಸಿಕೊಳ್ಳುತ್ತಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ದಿಲ್ಹಾನಿಗೆ ತಿಳಿಯುವುದಿಲ್ಲ. ಜೆರಾಡ್ ಫೋನು ಜೇಬಿಗಿಟ್ಟು, "ಇನ್ನು ಮಿಲಾನ್‌ಗೆ ಚೀಲಕ್ಕೆ ಎಂಬತ್ತೇ ಹಾಕಿ" ಅಂತ ಹೇಳಿ ಹೊರಟುಹೋಗುತ್ತಾರೆ. ಅಷ್ಟೇ. ತಪ್ಪಾಯಿತು ಅನ್ನುವ ಒಂದು ಮಾತು ಬಾಗಿಲಿನಿಂದ ಟೇಬಲ್ಲಿನವರೆಗೆ ಬರಲು ಎಷ್ಟು ಗಂಟೆಯ ಹಾರಾಟ ಬೇಕು ಅಂತ ಯಾವ ಫೋನೂ ಲೆಕ್ಕ ಹಾಕಿ ತೋರಿಸುವುದಿಲ್ಲ.

ಇಮೆಲ್ಡಾ ಈಗಲೂ ಅದೇ ಟೇಬಲ್ಲಿನಲ್ಲಿದ್ದಾರೆ. ಎಂಬತ್ತರ ಚೀಲಗಳು ಎರಡು ಸಲ ಹೋಗಿ ಚೆನ್ನಾಗಿ ತಲುಪಿವೆ. ಕೂಡುವುದು ಯಾಕೆ, ಕಳೆಯುವುದು ಯಾಕೆ ಅಂತ ಇವತ್ತಿಗೂ ಅವರಿಗೆ ತಿಳಿದಿಲ್ಲ. ಫೋನು ಬಂದಾಗ ಕತ್ತರಿ ಇಡುತ್ತಾರೆ. "ಸತ್ತ ಮೀನು ಕಂಡು ಒಳಗೊಳಗೇ ಖುಷಿಪಟ್ಟವಳು ನಾನೊಬ್ಳೇ ಇರ್ಬೇಕು. ಮನಸ್ಸಿಗೆ ಚುಚ್ತಾನೇ ಇತ್ತು. ಶನಿವಾರ ಪಾದ್ರಿಗಳ ಹತ್ರ ಪಾಪನಿವೇದನೆ ಮಾಡ್ಕೊಂಡೆ. ಅವ್ರು ನಕ್ಕುಬಿಟ್ರು. ಆಮೇಲೆ, ಅಲ್ಲಿ ಈಗ ಗಂಟೆ ಎಷ್ಟು ಅಂತ ನನ್ನನ್ನೇ ಕೇಳಿದ್ರು. ಅವ್ರ ಅಣ್ಣ ರೋಮ್‌ನಲ್ಲಿದ್ದಾರಂತೆ."

ಏನಾದರೂ ಬೇಕು ಅನ್ನಿಸುತ್ತದೆಯೇ ಅಂದರೆ, ಸಂಬಳದ ಮಾತು ಬರಬಹುದು, ರಬ್ಬರ್ ಬೂಟಿನ ಮಾತು ಬರಬಹುದು ಅಂದುಕೊಂಡರೆ, ಅಲ್ಲ. ಇಮೆಲ್ಡಾ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋಗಿ ಒಡೆದುಹೋದ ಒಂದು ಸಿಮೆಂಟ್ ತೊಟ್ಟಿ ತೋರಿಸುತ್ತಾರೆ. ಮನೆಚೀಲದಲ್ಲಿ ಬದುಕಿ ಉಳಿದ ಮೀನನ್ನು ಮತ್ತೆ ಮಾರುವ ತೊಟ್ಟಿಗೇ ಬಿಟ್ಟು, ಮುಂದಿನ ವಾರ ಮತ್ತೆ ಚೀಲಕ್ಕೆ ಹಾಕುವುದು ಕಂಪನಿಯ ರೂಢಿ.

"ಇವು ಆ ಮೂಲೆ ಬಿಟ್ಟು ಕದಲಿಲ್ಲ ಅಂತ ಎಲ್ರೂ ಅಂತಾರೆ. ಆದ್ರೆ ಅವು ಹೋದಷ್ಟೂ ದೂರ ಇವೂ ಹೋಗಿವೆಯಲ್ಲ, ಉಸಿರು ಬಿಗಿಹಿಡ್ಕೊಂಡು. ಮತ್ತೆ ಇವನ್ನ ಕಟ್ಟೋಕೆ ನನ್ನ ಕೈ ಬರಲ್ಲ. ಈ ತೊಟ್ಟಿ ಇವಕ್ಕೆ ಬಿಟ್ಕೊಡಿ, ಇಲ್ಲೇ ಇದ್ದು ಮುದಿಯಾಗ್ಲಿ ಅಂತ ಮಹತ್ತಯಗೆ ಕೇಳಿದ್ದೀನಿ. ಇನ್ನೂ ಏನೂ ಹೇಳಿಲ್ಲ. ಸಿಮೆಂಟು ನಾನೇ ತರ್ತೀನಿ ಅಂತಾನೂ ಹೇಳಿದ್ದೀನಿ."